ರಮಾಬಾಯಿ ನಮ್ಮೂರಿನವರು ಎನ್ನುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ ತಿಂಗಳ ಮಹಿಳಾ ದಿನಕ್ಕೂ ಏಪ್ರಿಲ್ 23ಕ್ಕೂ ನಮ್ಮ ಕರಾವಳಿಯ ಶಾಲೆ, ಕಾಲೇಜು, ಸಂಘ-ಸಂಸ್ಥೆಗಳಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ತಪ್ಪದೆ ಕೇಳಿಬರುತ್ತದೆ. ಕೇಳಿಬರುವುದು ಸಂತೋಷ. ಆದರೆ ಭಾಷಣಗಳ ಸಾಮಗ್ರಿ ಮಾತ್ರ ವರ್ಷ ವರ್ಷವೂ ಅದೇ: ಕಾರ್ಕಳದ ಕಡೆಯವರು, ಸಂಸ್ಕೃತ ಪಂಡಿತೆ, ವಿಧವೆಯರಿಗೆ ಆಶ್ರಯ ಕೊಟ್ಟರು, ಕೊನೆಗೆ ಕ್ರೈಸ್ತರಾದರು. ಕೊನೆಯ ಮಾತಿಗೆ ಬಂದ ಮೇಲೆ ಸಭೆ ಎರಡು ಪಾಲಾಗುತ್ತದೆ, ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅವರು ಸರಕಾರದಿಂದ ಏನು ಕೇಳಿದರು, ಹಣ ಎಲ್ಲಿಂದ ತಂದರು, ಶಾಲೆಯನ್ನು ಯಾವ ನಿಯಮದ ಮೇಲೆ ನಡೆಸಿದರು, ಆ ನಿಯಮ ಎಲ್ಲಿ ಮುರಿಯಿತು, ಓದು ಬಾರದ ಹೆಂಗಸರನ್ನು ಅನ್ನ ಸಂಪಾದಿಸುವ ಹಾಗೆ ಮಾಡಿದ್ದು ಹೇಗೆ ಎಂಬ ಭಾಗವೇ ಬಿಟ್ಟುಹೋಗುತ್ತದೆ. ಆ ಭಾಗವೇ ಹೆಚ್ಚು ಬೆಲೆಯದು ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ಮೊದಲು ಹುಟ್ಟೂರಿನ ವಿಷಯ. ಬ್ಯಾನರುಗಳಲ್ಲಿ 'ಉಡುಪಿ ಜಿಲ್ಲೆಯಲ್ಲಿ ಜನಿಸಿದ' ಎಂದು ಬರೆಸುವವರು ಒಂದಿಷ್ಟು ನಿಧಾನಿಸಬೇಕು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು ಮಾಳ. ಅದು ಘಟ್ಟದ ಬುಡದಲ್ಲಿ, ಕಾರ್ಕಳ ತಾಲ್ಲೂಕಿನಲ್ಲಿದೆ. ಇಂದಿಗೂ ಅಲ್ಲಿನ ಚಿತ್ಪಾವನ ಮನೆಗಳಲ್ಲಿ ಚಿತ್ಪಾವನಿ ಮಾತು ಕೇಳಿಸುತ್ತದೆ. ರಮಾಬಾಯಿ ಹುಟ್ಟಿದ್ದು ಮಾತ್ರ 1858ರ ಏಪ್ರಿಲ್ 23ರಂದು ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ, ತಂದೆ ಕಟ್ಟಿಕೊಂಡಿದ್ದ ಆಶ್ರಮದಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳ ಮೂಲ ಎಂದು ನಾವು ಹೇಳುವ ಜಾಗ ಅದೇ. ಮಾಳ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡದ ಗಡಿ) ದಾಟಿ ಕುದುರೆಮುಖದ ಕಡೆಗೆ ಹೋದರೆ ಸಿಗುವ ಈ ಜಾಗ ಇಂದಿನ ಲೆಕ್ಕದಲ್ಲಿ ಚಿಕ್ಕಮಗಳೂರು ಜಿಲ್ಲೆಯದು. 1858ರಲ್ಲಿ ಕೆನರಾ ಇನ್ನೂ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ಭಾಗ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ 'ಮಾಳದ ಮನೆತನ, ಗಂಗಾಮೂಲದಲ್ಲಿ ಜನನ' ಎಂದು ಬರೆದರೆ ಯಾವ ಜಿಲ್ಲೆಯೊಡನೆಯೂ ಜಗಳವಿಲ್ಲ. ಇನ್ನೊಂದನ್ನೂ ಸೇರಿಸಬೇಕು: ಮಗುವಿಗೆ ಆರು ತಿಂಗಳಾಗುವಾಗಲೇ ಮನೆಯವರು ಗಂಗಾಮೂಲ ಬಿಟ್ಟರು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟದಿಂದ ಕರೆತಂದರೆಂದು ರಮಾಬಾಯಿಯೇ ಬರೆದಿದ್ದಾರೆ. ಗಂಗಾಮೂಲದ ಸೊಬಗಿನಲ್ಲಿ ಆಡಿ ಬೆಳೆದ ಬಾಲೆ ಎಂಬ ವರ್ಣನೆ ಕೇಳಲು ಚೆಂದ, ಅಷ್ಟೇ.

ನಿಜವಾಗಿ ಉಡುಪಿಯ ಪಾಲು ಇರುವುದು ಅವರು ಹುಟ್ಟುವುದಕ್ಕೂ ಮೊದಲಿನ ಒಂದು ಘಟನೆಯಲ್ಲಿ. ಅದನ್ನು ಇಲ್ಲಿ ಯಾರೂ ಹೇಳುವುದಿಲ್ಲ. ಅನಂತ ಶಾಸ್ತ್ರಿಗಳು ಪುಣೆಯಲ್ಲಿ ರಾಮಚಂದ್ರ ಶಾಸ್ತ್ರಿ ಸಾಠೆಯವರಲ್ಲಿ ಓದಿದವರು. ಗುರುಗಳು ಪೇಶ್ವೆ ಎರಡನೇ ಬಾಜೀರಾಯನ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳ ಬಾಯಲ್ಲಿ ಶ್ಲೋಕ ಕೇಳಿದ ಶಿಷ್ಯನಿಗೆ ತನ್ನ ಮನೆಯಲ್ಲೂ ಹೀಗಾಗಬೇಕು ಎನಿಸಿತು. ಮೊದಲ ಹೆಂಡತಿಗೆ ಕಲಿಸಲು ಹೊರಟಾಗ ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಯಲ್ಲಿದ್ದಾಗ ಗೋದಾವರಿ ತೀರದ ಪೈಠಣದಲ್ಲಿ ಎರಡನೇ ಮದುವೆಯಾಯಿತು. ವರನಿಗೆ 44 ವರ್ಷ, ವಧು ಲಕ್ಷ್ಮೀಬಾಯಿಗೆ 9. ಸ್ತ್ರೀಶಿಕ್ಷಣದ ಈ ಮಹಾಪುರುಷನನ್ನು ಹೊಗಳುವ ಭಾಷಣಗಳಲ್ಲಿ ಈ ಎರಡು ಅಂಕಿಗಳು ಇರುವುದಿಲ್ಲ. ರಮಾಬಾಯಿ ಮರೆಮಾಚಲಿಲ್ಲ. ಬಾಲ್ಯವಿವಾಹದ ಬಗ್ಗೆ ಬರೆಯುವಾಗ ಈ ಪ್ರಸಂಗವನ್ನೇ ಹೆಸರು ಹೇಳದೆ ತಂದರು.

ಆ ಹುಡುಗಿಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸಲು ತೊಡಗಿದೊಡನೆ ಊರಿನಲ್ಲಿ ಗದ್ದಲ. ದೂರು ಉಡುಪಿಯ ಮಾಧ್ವ ವಿದ್ವಾಂಸರವರೆಗೆ ಹೋಗಿ, ಅವರನ್ನು ಕರೆಸಿ ವಿಚಾರಣೆ ನಡೆಯಿತು. ಶಾಸ್ತ್ರಿಗಳು ಧರ್ಮಶಾಸ್ತ್ರ, ಪುರಾಣಗಳಿಂದ ಆಧಾರ ತೆಗೆದು ಒಪ್ಪಿಸಿ ಬಂದರು. ಇಲ್ಲೊಂದು ಸೂಕ್ಷ್ಮ ಇದೆ. ಅವರು ಗೆದ್ದದ್ದು ಕಾವ್ಯ, ವ್ಯಾಕರಣ, ಪುರಾಣಗಳ ಮಟ್ಟಿಗೆ. ವೇದ ಹೆಂಗಸರಿಗೆ ಸಲ್ಲದು ಎಂಬ ಗೆರೆಯನ್ನು ಅವರೂ ದಾಟಲಿಲ್ಲ, ಮಗಳಿಗೂ ವೇದ ಹೇಳಿಕೊಡಲಿಲ್ಲ. ಮುಂದೆ ಕೋಲ್ಕತ್ತದಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಕೈಗೆ ವೇದದ ಪ್ರತಿ ಇಟ್ಟಾಗ ರಮಾಬಾಯಿ ಹಿಂಜರಿದದ್ದು ಇದೇ ಕಾರಣಕ್ಕೆ. ವಿಚಾರಣೆಯಲ್ಲಿ ಗೆದ್ದರೂ ಊರಿನಲ್ಲಿ ನೆಮ್ಮದಿ ಇರಲಿಲ್ಲ, ಕಾಡಿಗೆ ಹೋಗಿ ಆಶ್ರಮ ಕಟ್ಟಿದ್ದು ಅದಕ್ಕಾಗಿ. ಅಲ್ಲಿ ವಿದ್ಯಾರ್ಥಿಗಳು, ಯಾತ್ರಿಕರು, ಅತಿಥಿಗಳು ಎಲ್ಲರಿಗೂ ಊಟ ಹಾಕಿ ಹಾಕಿ ಸಾಲ ಬೆಳೆಯಿತು. ಜಮೀನು ಹೋಯಿತು. ಆರು ತಿಂಗಳ ಮಗುವನ್ನು ಹೊತ್ತು ಹೊರಟದ್ದು ತೀರ್ಥಯಾತ್ರೆಯ ಹಂಬಲದಿಂದ ಮಾತ್ರವಲ್ಲ, ಕೈ ಬರಿದಾಗಿತ್ತು.

ಅನಂತರದ ಹದಿನೈದು ವರ್ಷ ಆ ಕುಟುಂಬದ ಜೀವನವೆಂದರೆ ದೇವಸ್ಥಾನದಿಂದ ದೇವಸ್ಥಾನಕ್ಕೆ ನಡೆಯುವುದು, ಜಗಲಿಯಲ್ಲಿ ಕೂತು ಪುರಾಣ ಓದುವುದು, ಜನ ಇಟ್ಟುಹೋದ ಕಾಸು, ಅಕ್ಕಿ, ವಸ್ತ್ರದಲ್ಲಿ ಬದುಕುವುದು. ಪಾಠ ಹೇಳಿದವಳು ತಾಯಿ. ತಂದೆಗೆ ಆಗಲೇ ವಯಸ್ಸಾಗಿ ಕಣ್ಣು ಮಂದವಾಗಿತ್ತು. ಬೆಳಗಿನ ಜಾವ, ಮನೆಗೆಲಸಕ್ಕೆ ಮೊದಲು, ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಮುದ್ದಾಡುತ್ತ ಬಾಯಿಪಾಠ ಮಾಡಿಸುತ್ತಿದ್ದಳು. ಪುಸ್ತಕ ಎದುರಿಗಿಟ್ಟು ಕಲಿತದ್ದಕ್ಕಿಂತ ಕಿವಿಯಿಂದ ಕಲಿತದ್ದೇ ಹೆಚ್ಚು. '18,000 ಶ್ಲೋಕ ಕಂಠಪಾಠ' ಎಂದು ಮಕ್ಕಳು ವೇದಿಕೆಯಲ್ಲಿ ಹೇಳುತ್ತಾರಲ್ಲ, ಆ ಸಂಖ್ಯೆ ಭಾಗವತಕ್ಕೆ ಸಂಪ್ರದಾಯ ಹೇಳುವ ಒಟ್ಟು ಶ್ಲೋಕಸಂಖ್ಯೆ. ಅದನ್ನು ಎಣಿಸಿ ನೋಡಿದ ಲೆಕ್ಕವೆಂದು ತಿಳಿಯಬೇಡಿ. ಅಲೆದಾಟದಲ್ಲಿ ಕನ್ನಡ, ಹಿಂದುಸ್ತಾನಿ, ಬಂಗಾಳಿ ಮಾತುಗಳೂ ನಾಲಗೆಗೆ ಹತ್ತಿದವು. ಮನೆಮಾತು ಮರಾಠಿಯೇ.

ಈ ವಿದ್ಯೆ ಎಲ್ಲಿ ಕೈಕೊಟ್ಟಿತು ಎಂಬುದು ಅವರ ಬದುಕಿನ ತಿರುಗಣೆ. 1874ರಿಂದ ಮದ್ರಾಸ್ ಪ್ರಾಂತ್ಯದಲ್ಲಿ ಬರ. ಪುರಾಣ ಕೇಳುವವರಿಗೇ ಗತಿಯಿಲ್ಲದಾಗ ಪುರಾಣಿಕನಿಗೆ ಯಾರು ಕೊಡುತ್ತಾರೆ? ಶಾಸ್ತ್ರ ಬಲ್ಲ ಆ ಮನೆಯವರಿಗೆ ಕೂಲಿ ಮಾಡಿ ರೂಢಿಯಿಲ್ಲ, ಭಿಕ್ಷೆ ಬೇಡಲು ಮನಸ್ಸಿಲ್ಲ. ಉಳಿದ ಹಣ ದಾನ, ವ್ರತಗಳಿಗೆ ಹೋಯಿತು, ಪಾತ್ರೆ, ಒಡವೆ ಮಾರಾಟವಾದವು. ತಂದೆ ಸತ್ತರು, ಕೆಲವೇ ವಾರಗಳಲ್ಲಿ ತಾಯಿಯೂ ಸತ್ತಳು. ತಾಯಿಯ ಹೆಣ ಹೊರಲು ಬಂದ ಬ್ರಾಹ್ಮಣರು ಇಬ್ಬರೇ. ಅಣ್ಣ ಶ್ರೀನಿವಾಸ ಮೂರನೆಯವ. ನಾಲ್ಕನೆಯ ಹೆಗಲು ರಮಾಬಾಯಿಯದು. ಗಿಡ್ಡ ಆಳಾದ್ದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದರು. ಆಮೇಲೆ ಅಕ್ಕ ಕೃಷ್ಣಾಬಾಯಿಯೂ ಹೋದಳು. ಅಣ್ಣ ತಂಗಿ ಇಬ್ಬರೇ ಕಾಶ್ಮೀರದವರೆಗೆ ನಡೆದರು. ಹಿಡಿ ಕಾಳು ನೆನೆಸಿ ಉಪ್ಪು ಹಾಕಿ ತಿಂದ ದಿನಗಳುಂಟು. ಝೀಲಂ ದಂಡೆಯ ಚಳಿಗೆ ಹೊದಿಕೆಯಿಲ್ಲದೆ ಮರಳಿನಲ್ಲಿ ಗುಂಡಿ ತೋಡಿ, ಒಣ ಮರಳನ್ನೇ ಮೈಮೇಲೆ ಎಳೆದುಕೊಂಡು ಮಲಗಿದ್ದುಂಟು. ಮುಂದೆ ಅವರು ಕಟ್ಟಿದ ಶಾಲೆಗಳಲ್ಲಿ ಅಕ್ಷರದ ಜೊತೆ ಒಂದು ಕಸುಬು ಇರಲೇಬೇಕು ಎಂದು ಹಟ ಹಿಡಿದದ್ದು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕೋಲ್ಕತ್ತದ ಭಾಗ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇವೆ. 1878ರಲ್ಲಿ ಅಲ್ಲಿನ ಪಂಡಿತರು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಢಾಕಾದಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಸಿವಿಲ್ ಮದುವೆ. ಜಾತಿ ಬೇರೆ, ಭಾಷೆ ಬೇರೆ. 1881ರಲ್ಲಿ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ. ಇಪ್ಪತ್ತಮೂರರ ವಿಧವೆ ಕೈಕೂಸಿನೊಂದಿಗೆ ಪುಣೆಗೆ ಬಂದು ಆ ವರ್ಷವೇ ಆರ್ಯ ಮಹಿಳಾ ಸಮಾಜ ಕಟ್ಟಿದರು, 'ಸ್ತ್ರೀ ಧರ್ಮ ನೀತಿ' ಎಂಬ ಮರಾಠಿ ಪುಸ್ತಕ ಅಚ್ಚು ಹಾಕಿಸಿದರು. ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಅಧ್ಯಾಪಕರು ನಿಲ್ಲಬೇಕಾದ ಜಾಗ ಇದರ ನಂತರದ್ದು.

1882ರಲ್ಲಿ ಸರಕಾರ ಶಿಕ್ಷಣದ ವಿಚಾರಣೆಗೆ ವಿಲಿಯಂ ಹಂಟರ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಆಯೋಗ ಪುಣೆಗೆ ಬಂದಾಗ ರಮಾಬಾಯಿ ಮರಾಠಿಯಲ್ಲೇ ಸಾಕ್ಷ್ಯ ನುಡಿದರು, ಹಂಟರ್ ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡರು. ಸ್ತ್ರೀಶಿಕ್ಷಣದ ಬಗ್ಗೆ ಮಾತಾಡಲು ನಿಮಗೇನು ಅಧಿಕಾರ ಎಂಬಂಥ ಪ್ರಶ್ನೆಗೆ, ಇದೇ ಕೆಲಸಕ್ಕಾಗಿ ಕಷ್ಟಪಟ್ಟವನ ಮಗಳು ನಾನು ಎಂಬುದು ಅವರ ಉತ್ತರ. ಉಡುಪಿಯ ಆ ವಿಚಾರಣೆ ಹೀಗೆ ಸರಕಾರಿ ಕಡತಕ್ಕೆ ಬೇರೆ ರೂಪದಲ್ಲಿ ಹೊಕ್ಕಿತು. ಅವರು ಕೇಳಿದ್ದು ಬಹಳ ನಿರ್ದಿಷ್ಟ. ಹುಡುಗಿಯರ ಶಾಲೆಗೆ ಶಿಕ್ಷಕಿಯರೇ ಬೇಕು. ಆ ಶಿಕ್ಷಕಿಯರಿಗೆ ತರಬೇತಿ ಬೇಕು. ತನ್ನ ಭಾಷೆ ಶುದ್ಧವಾಗಿ ಬರಬೇಕು, ಇಂಗ್ಲಿಷಿನ ಪರಿಚಯವೂ ಇರಬೇಕು. ತರಬೇತಿಗೆ ಬರುವವರಿಗೆ ವಿದ್ಯಾರ್ಥಿವೇತನ, ಕೆಲಸಕ್ಕೆ ಸೇರಿದ ಮೇಲೆ ಮರ್ಯಾದೆಯಿಂದ ಬದುಕುವಷ್ಟು ಸಂಬಳ, ಅದೂ ಗಂಡಸರಿಗಿಂತ ಹೆಚ್ಚು. ವಾಸಕ್ಕೆ ಶಾಲೆಯ ಆವರಣದಲ್ಲೇ ಅಥವಾ ಹತ್ತಿರದಲ್ಲೇ ಮನೆ. ಘಟ್ಟದ ತಪ್ಪಲಿನ ಶಾಲೆಗೆ ವರ್ಗವಾದ ಯಾವ ಟೀಚರನ್ನು ಕೇಳಿ ನೋಡಿ, ಈ ಕೊನೆಯ ಬೇಡಿಕೆ ಹಳೆಯದಾಗಿಲ್ಲ.

ಇನ್ಸ್‌ಪೆಕ್ಟರುಗಳ ಬಗ್ಗೆ ಹೇಳಿದ್ದಂತೂ ಖಾರವಾಗಿಯೇ ಇದೆ. ತನಿಖೆಗೆ ಬರುವ ಗಂಡಸು ಶಿಕ್ಷಕಿಯ ಸಾಸಿವೆಯಷ್ಟು ತಪ್ಪನ್ನು ಬೆಟ್ಟ ಮಾಡಿ ಅವಳ ನಡತೆಗೇ ಮಸಿ ಬಳಿಯುತ್ತಾನೆ. ಹೆದರಿದ ಹೆಂಗಸು ತನ್ನ ಕಡೆಯ ಸತ್ಯ ಹೇಳುವುದೇ ಇಲ್ಲ. ಆದ್ದರಿಂದ ತನಿಖೆಗೂ ವಯಸ್ಸು ಮೂವತ್ತಾದರೂ ಆದ, ಓದಿದ ಹೆಂಗಸರೇ ಬರಲಿ ಎಂದರು. ಓದಿದ ಗಂಡಸರಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಂಗಸರ ಓದಿಗೆ ವಿರೋಧಿಗಳು ಎಂದು ಅದೇ ಉಸಿರಿನಲ್ಲಿ ಹೇಳಿದರು. ಎರಡನೆಯದು ವೈದ್ಯೆಯರ ವಿಷಯ. ಗಂಡಸು ವೈದ್ಯನ ಮುಂದೆ ತಮ್ಮ ಕಾಯಿಲೆ ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಎನ್ನುವ ಹೆಂಗಸರ ದೇಶದಲ್ಲಿ ಹುಡುಗಿಯರನ್ನು ವೈದ್ಯಕೀಯ ಕಾಲೇಜಿಗೆ ಸೇರಿಸಿಕೊಳ್ಳಿ ಎಂದು ಕೇಳಿದರು. 1885ರಲ್ಲಿ ಹೆಂಗಸರಿಗೆ ವೈದ್ಯಕೀಯ ನೆರವು ಕೊಡುವ ಲೇಡಿ ಡಫರಿನ್ ನಿಧಿ ಶುರುವಾದದ್ದರ ಹಿಂದೆ ಈ ಸಾಕ್ಷ್ಯದ ಪ್ರಭಾವವೂ ಇತ್ತೆಂದು ಹೇಳುತ್ತಾರೆ. ಆ ನಿಧಿಯ ಹೆಸರು ಹೊತ್ತ ಆಸ್ಪತ್ರೆಗಳು ದೇಶದ ಹಲವು ಊರುಗಳಲ್ಲಿ ಎದ್ದವು.

1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ಸ್ವತಃ ವೈದ್ಯೆಯಾಗುವ ಆಸೆಯಿಂದ. ಕಿವಿ ಮಂದವಾಗುತ್ತ ಬಂದು ಅದು ಕೈಗೂಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು, ಬಳಿಕ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿದರು, ಸಂಸ್ಕೃತ ಕಲಿಸಿದರು. ಮತಾಂತರದ ಪ್ರಶ್ನೆ ಎತ್ತಿ ಜಗಳಕ್ಕೆ ನಿಲ್ಲುವವರಿಗೆ ಎರಡೇ ಮಾತು. ಆಗ ಮಹಾರಾಷ್ಟ್ರದಲ್ಲಿ ಎಲ್ಲರೂ ಉಗಿಯುತ್ತಿದ್ದಾಗ ಜೋತಿರಾವ್ ಫುಲೆ 1885ರಲ್ಲಿ ತಮ್ಮ 'ಸತ್ಸಾರ' ಎಂಬ ಪುಸ್ತಿಕೆಯಲ್ಲಿ ಅವರ ಪರ ಬರೆದರು. ಇನ್ನೊಂದು ಕಡೆ, ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ಒಪ್ಪುವ ಹೆಂಗಸೂ ಅವರಾಗಿರಲಿಲ್ಲ. ತನ್ನ ಗುರುಗಳೊಡನೆ ಅವರು ನಡೆಸಿದ ಪತ್ರವಾದ ಓದಿದವರಿಗೆ ಇದು ಗೊತ್ತು. ಎರಡು ಬಣದವರಿಗೂ ಅವರು ಪೂರ್ತಿ ದಕ್ಕುವುದಿಲ್ಲ.

ಅಮೆರಿಕದಲ್ಲಿ ಅವರು ಮಾಡಿದ ಕೆಲಸ ಹಣದ ಲೆಕ್ಕದ್ದು. 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿಯವರ ಪದವಿ ಪ್ರದಾನಕ್ಕೆ ಹೋದವರು ಎರಡು ವರ್ಷಕ್ಕೂ ಮೇಲೆ ಅಲ್ಲೇ ಉಳಿದರು. ಕಿಂಡರ್‌ಗಾರ್ಟನ್ ಪದ್ಧತಿ ಅಭ್ಯಾಸ ಮಾಡಿದರು, ಊರೂರು ತಿರುಗಿ ಉಪನ್ಯಾಸ ಕೊಟ್ಟರು, 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸಿನ ಸ್ಥಿತಿ ಕುರಿತ ಇಂಗ್ಲಿಷ್ ಪುಸ್ತಕ ಬರೆದು ಅದರ ಮಾರಾಟದ ಹಣವನ್ನು ಶಾಲೆಗೆ ತೆಗೆದಿಟ್ಟರು. ಆ ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಅದರ ಕೆಳಗೆ ಊರೂರಿನಲ್ಲಿ 'ಸರ್ಕಲ್'ಗಳು. ಸದಸ್ಯರು ವರ್ಷಕ್ಕೆ ಕನಿಷ್ಠ ಒಂದು ಡಾಲರಿನಂತೆ ಹತ್ತು ವರ್ಷ ಕೊಡುವುದಾಗಿ ಒಪ್ಪಿಕೊಳ್ಳುತ್ತಿದ್ದರು. ದೊಡ್ಡ ದಾನಿಯೊಬ್ಬನ ಹಿಂದೆ ಬೀಳುವುದಕ್ಕಿಂತ ಸಣ್ಣ ಮೊತ್ತ, ದೊಡ್ಡ ಜನ, ಗಡುವು ನಿಶ್ಚಿತ. ಹಣದ ಜೊತೆ ಒಂದು ಷರತ್ತೂ ಬಂತು: ಶಾಲೆಯಲ್ಲಿ ಮತಬೋಧನೆ ಇರಕೂಡದು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರಿಗೆ ಊಟ, ವಸತಿ, ಓದು. ಜಾತಿಯ ಮಡಿ, ಅಡುಗೆಯ ಆಚಾರ ಪಾಲಿಸುವವರಿಗೆ ಅಡ್ಡಿಯಿಲ್ಲ. ಅಂಥ ವ್ಯವಸ್ಥೆ ಇಲ್ಲದೆ ಹೋದರೆ ಯಾವ ಮನೆಯವರೂ ಮಗಳನ್ನು ಕಳಿಸುತ್ತಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೇಲ್ವಿಚಾರಣೆಗೆ ಹಿಂದೂ ಗಣ್ಯರ ಸಲಹಾ ಮಂಡಳಿ, ಅದರಲ್ಲಿ ಮಹಾದೇವ ಗೋವಿಂದ ರಾನಡೆ, ಆರ್.ಜಿ. ಭಂಡಾರಕರ್ ಇದ್ದರು. ಮೊದಲ ವಿದ್ಯಾರ್ಥಿನಿ ಗೋದೂಬಾಯಿ ಎಂಬ ವಿಧವೆ. 1893ರಲ್ಲಿ ಆಕೆಯನ್ನು ಧೋಂಡೋ ಕೇಶವ ಕರ್ವೆ ಮದುವೆಯಾದರು. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಕಟ್ಟಿದ ಆಶ್ರಮಕ್ಕೂ 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯಕ್ಕೂ ಬೇರು ಹುಡುಕಿದರೆ ಈ ಸದನದ ಅಂಗಳದವರೆಗೆ ಬರುತ್ತದೆ.

ಹಾಗಾದರೆ ಮುರಿದದ್ದು ಎಲ್ಲಿ? ನಿಯಮದ ಪ್ರಕಾರ ತರಗತಿಯಲ್ಲಿ ಬೈಬಲ್ ಇಲ್ಲ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರಲಾರಂಭಿಸಿದರು. ಬನ್ನಿ ಎಂದೂ ಕರೆಯಲಿಲ್ಲ, ಹೋಗಿ ಎಂದೂ ಕಳಿಸಲಿಲ್ಲ. ಹಿಂದೂ ಹುಡುಗಿಗೆ ಪೂಜೆ ಮಾಡುವ ಸ್ವಾತಂತ್ರ್ಯ ಇರುವಾಗ ನನಗೂ ನನ್ನ ಪ್ರಾರ್ಥನೆಗೆ ಬಾಗಿಲು ತೆರೆದಿಡುವ ಸ್ವಾತಂತ್ರ್ಯ ಇದೆ ಎಂಬುದು ಅವರ ನಿಲುವು. ಮಂಡಳಿಯವರು ಕಂಡದ್ದು ಬೇರೆ: ಆಶ್ರಯಕ್ಕಾಗಿ ಬಂದ, ಹೋಗಲು ಬೇರೆ ಮನೆಯಿಲ್ಲದ ಎಳೆಯ ಹುಡುಗಿಯ ಮುಂದೆ ಆಶ್ರಯದಾತೆಯ ತೆರೆದ ಬಾಗಿಲು ಒಂದು ಬಗೆಯ ಒತ್ತಾಯವೇ. 'ಕೇಸರಿ' ಪತ್ರಿಕೆ ಹರಿಹಾಯ್ದಿತು. 1893ರ ಆಗಸ್ಟಿನಲ್ಲಿ ಮಂಡಳಿ ರಾಜೀನಾಮೆ ಕೊಟ್ಟಿತು, ಹಲವು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ನಮ್ಮ ಅಭಿಪ್ರಾಯದಲ್ಲಿ ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಿಯಮ ಬರೆಯುವಾಗ 'ಬೋಧನೆ ಇಲ್ಲ' ಎಂದಷ್ಟೇ ಬರೆದು, ಗೃಹಮಾತೆಯ ಸ್ವಂತ ಆಚರಣೆ ಮತ್ತು ಅಪ್ರಾಪ್ತ ಹುಡುಗಿಯರ ಪೋಷಕರ ಒಪ್ಪಿಗೆ ಎರಡನ್ನೂ ಬಿಟ್ಟದ್ದೇ ಮೂಲ ದೋಷ. ಹಾಸ್ಟೆಲ್ ನಡೆಸುವ ಯಾವ ಮಠ, ಯಾವ ಮಿಷನ್ ಆದರೂ ಈ ಪ್ರಸಂಗ ಓದಿಕೊಳ್ಳುವುದು ಒಳ್ಳೆಯದು.

ಹುಡುಗಿಯರು ಹೋದರೂ ಸದನ ಮುಚ್ಚಲಿಲ್ಲ. ಬಾಸ್ಟನ್ನಿನ ಹತ್ತು ವರ್ಷದ ಗಡುವು 1898ಕ್ಕೆ ಮುಗಿಯುತ್ತದೆ ಎಂಬುದನ್ನು ಅವರು ಮರೆತಿರಲಿಲ್ಲ. ಪುಣೆ–ಸೋಲಾಪುರ ರೈಲುಮಾರ್ಗದ ಕೇಡಗಾಂವಿನಲ್ಲಿ, ಪುಣೆಯಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಸುಮಾರು 100 ಎಕರೆ ಜಮೀನು ಕೊಂಡು ಬಾವಿ ತೋಡಿಸಿ ಕಿತ್ತಳೆ, ನಿಂಬೆ, ಮಾವು ಹಾಕಿಸಿದರು. ತೋಟದ ಉತ್ಪತ್ತಿಯಿಂದ ಶಾಲೆ ನಡೆಯಲಿ ಎಂಬ ಲೆಕ್ಕ. ಆ ತೋಟ ಫಲ ಕೊಡುವ ಮೊದಲೇ ಬೇರೆ ಕೆಲಸಕ್ಕೆ ಬಂತು. 1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ. ಹಸಿದ ಹೆಣ್ಣುಮಕ್ಕಳನ್ನು ದಲ್ಲಾಳಿಗಳು ಸಾಗಿಸುತ್ತಿದ್ದಾರೆಂದು ಕೇಳಿ ರಮಾಬಾಯಿ ತಾವೇ ಹೋದರು. ಸುಮಾರು 300 ಮಂದಿಯನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು. ಪುಣೆಯ ಮನೆಯಲ್ಲಿ ಇಷ್ಟು ಜನರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಹುಲ್ಲಿನ ಚಪ್ಪರ, ಡೇರೆಗಳಲ್ಲಿ ಎಲ್ಲರನ್ನೂ ಕೇಡಗಾಂವಿನ ತೋಟಕ್ಕೆ ಸಾಗಿಸಬೇಕಾಯಿತು. ಮುಕ್ತಿ ಮಿಷನ್ ಹುಟ್ಟಿದ್ದು ಹೀಗೆ.

ಪತ್ರಿಕೆಗೆ ಪತ್ರ ಬರೆಯುವ ನಮ್ಮಂಥವರಿಗೆ ಇಷ್ಟವಾಗುವ ಸಂಗತಿಯೊಂದು ಇಲ್ಲಿದೆ. 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ ಎಂದು, ತಮ್ಮ ಆಶ್ರಮದ ಹುಡುಗಿಯೊಬ್ಬಳಿಗೆ ಆದದ್ದನ್ನೇ ಮುಂದಿಟ್ಟು, ಅವರು 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಪತ್ರ ಬರೆದರು. ಅದರ ಸದ್ದು ಲಂಡನ್ನಿನ ಸಂಸತ್ತಿನವರೆಗೆ ಹೋಯಿತು, ಮುಂಬಯಿ ಸರಕಾರ ಅಲ್ಲಗಳೆಯಿತು. ಮತ ಬದಲಿಸಿದವರು ಆಳುವವರ ಪರ ಎಂಬ ಸುಲಭದ ಸಮೀಕರಣ ಈ ಪತ್ರದ ಮುಂದೆ ನಿಲ್ಲುವುದಿಲ್ಲ.

1900ರ ಗುಜರಾತಿನ ಬರದ ಬಳಿಕ ಮುಕ್ತಿಯಲ್ಲಿ ಇದ್ದವರ ಸಂಖ್ಯೆ 2,000ದ ಹತ್ತಿರ ಬಂತು. ಇವರು ಶಾರದಾ ಸದನಕ್ಕೆ ಬಂದಂಥ ಬ್ರಾಹ್ಮಣ ಬಾಲವಿಧವೆಯರಲ್ಲ. ಹಲವು ಜಾತಿ, ಹಲವು ಭಾಷೆ, ರೋಗ, ಕೂದಲು ತುಂಬ ಹೇನು, ಊಟ ಕಂಡೊಡನೆ ಕಿತ್ತಾಡುವಷ್ಟು ಹಸಿವು. ಶಾರದಾ ಸದನದಲ್ಲಿ ಓದಿದ ಹುಡುಗಿಯರೇ ಇವರಿಗೆ ಶಿಕ್ಷಕಿಯರಾದರು. ಗುಂಪು ಗುಂಪಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬ ಮೇಲ್ವಿಚಾರಕಿ. ದಿನದ ಒಂದು ಪಾಲು ಅಕ್ಷರ, ಒಂದು ಪಾಲು ಕೈಕೆಲಸ. ಕೈಮಗ್ಗ, ನೂಲು, ಬಣ್ಣ ಹಾಕುವುದು, ಹೊಲಿಗೆ, ಎಣ್ಣೆಗಾಣ, ಹೈನು, ಬಟ್ಟೆ ಒಗೆಯುವುದು, ಪಾತ್ರೆಗೆ ಕಲಾಯಿ, ತೋಟ, ಅಚ್ಚುಕೂಟ. ಕಣ್ಣು ಕಾಣದವರಿಗೆ ಬೇರೆ ವಿಭಾಗವಿತ್ತು, ಬ್ರೈಲ್ ಕಲಿಸಲಾಯಿತು. ದಾರಿ ತಪ್ಪಿದವರೆಂದು ಸಮಾಜ ದೂರವಿಟ್ಟ ಹೆಂಗಸರಿಗೆ 'ಕೃಪಾ ಸದನ' ಇತ್ತು.

ಮಂಗಳೂರಿನ ಓದುಗರಿಗೆ ಇದರ ತರ್ಕ ಹೊಸದಲ್ಲ. ಬಾಸೆಲ್ ಮಿಷನ್ ಇಲ್ಲಿ ನೇಯ್ಗೆ ಶುರುಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದೇ ಸಮಸ್ಯೆಗೆ ಉತ್ತರವಾಗಿ: ಮತ ಬದಲಿಸಿದವನಿಗೆ ಜಾತಿಯ ಜೊತೆ ಕಸುಬೂ ತಪ್ಪಿತು, ಜಮೀನ್ದಾರನ ಗದ್ದೆಯೂ ತಪ್ಪಿತು, ಅವನು ತಿನ್ನುವುದೇನು? ವ್ಯತ್ಯಾಸವೂ ದೊಡ್ಡದೇ. ಇಲ್ಲಿ ಯಂತ್ರ, ಲೆಕ್ಕಪತ್ರ, ಮೇಸ್ತ್ರಿಗಳು ಯುರೋಪಿನಿಂದ ಬಂದ ಮಿಷನರಿಗಳ ಕೈಯಲ್ಲಿದ್ದವು. ಕೇಡಗಾಂವಿನಲ್ಲಿ ಎಲ್ಲದರ ಮೇಲ್ಗಡೆ ಇದ್ದದ್ದು ಕಿವಿ ಸರಿಯಾಗಿ ಕೇಳದ ಒಬ್ಬ ಭಾರತೀಯ ಹೆಂಗಸು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರೂ ಬರದಲ್ಲಿ ಸಿಕ್ಕಿದ ಹುಡುಗಿಯರೇ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಮಾಡಿದ ಬೈಬಲ್ ಅನುವಾದ ಅಚ್ಚಾದದ್ದು ಆ ಕೈಗಳಿಂದ.

ಕನ್ನಡ ನಾಡಿನ ನಂಟು ಗಂಗಾಮೂಲಕ್ಕೆ ಮುಗಿಯಿತು ಎಂದುಕೊಂಡವರಿಗೆ ಇನ್ನೊಂದು ಕೊಂಡಿ ಇದೆ. 1912ರ ಸುಮಾರಿಗೆ ಅವರು ಗುಲ್ಬರ್ಗದಲ್ಲಿ, ಅಂದರೆ ಆಗಿನ ನಿಜಾಮನ ಸೀಮೆಯಲ್ಲಿ, ಶಾಲೆ ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆಯಾದರು. ಕಲಬುರ್ಗಿಯ ಶಿಕ್ಷಣ ಚರಿತ್ರೆ ಬರೆಯುವವರೂ ಕರಾವಳಿಯ ನಾವೂ ಒಬ್ಬರಿಗೊಬ್ಬರು ಇದನ್ನು ಹೇಳಿಕೊಂಡಂತಿಲ್ಲ. ಮನೋರಮಾ 1921ರಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿಯ ಮರಣ 1922ರ ಏಪ್ರಿಲ್ 5ರಂದು.

ಇನ್ನು ತೀರ್ಪುಗಾರರಿಗೂ ಪುರವಣಿ ಮಾಡುವವರಿಗೂ ಕೆಲವು ಸೂಚನೆ. ಹೆಸರು ಒಂದೇ ಆದ್ದರಿಂದ ಮೂವರು ರಮಾಬಾಯಿಯರು ಒಂದಾಗಿಬಿಡುತ್ತಾರೆ. ಪುಣೆಯ ಸೇವಾ ಸದನದ ರಮಾಬಾಯಿ ರಾನಡೆ ಬೇರೆ, ಡಾ. ಅಂಬೇಡ್ಕರರ ಪತ್ನಿ ರಮಾಬಾಯಿ ಬೇರೆ. ಚಿತ್ರದಲ್ಲಿ ಬಿಳಿ ಸೀರೆ, ಗಿಡ್ಡ ಕತ್ತರಿಸಿದ ಕೂದಲು ಇದ್ದರೆ ಸಾಮಾನ್ಯವಾಗಿ ಪಂಡಿತಾ ರಮಾಬಾಯಿ. ಅನುಮಾನವಿದ್ದರೆ 1989ರಲ್ಲಿ ಅಂಚೆ ಇಲಾಖೆ ತಂದ ಚೀಟಿಯ ಚಿತ್ರದೊಡನೆ ಹೋಲಿಸಿ. 'ಭಾರತದ ಮೊದಲ ಶಿಕ್ಷಕಿ' ಎಂಬ ವಿಶೇಷಣ ಇವರಿಗೆ ಹಚ್ಚಬೇಡಿ. ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹುಡುಗಿಯರಿಗೆ ಪಾಠ ಶುರುಮಾಡಿದ 1848ರಲ್ಲಿ ರಮಾಬಾಯಿ ಹುಟ್ಟಿರಲೇ ಇಲ್ಲ. 'ಮೊದಲ ವೈದ್ಯೆ' ಎಂಬುದೂ ಸಲ್ಲದು, ಅದು ಆನಂದಿಬಾಯಿಯವರೊಡನೆ ಆಗುವ ಗೊಂದಲ. 1919ರಲ್ಲಿ ಬಂದದ್ದು ಕೈಸರ್-ಇ-ಹಿಂದ್ ಪದಕ, ಭಾರತರತ್ನವಲ್ಲ (ನಗಬೇಡಿ, ವೇದಿಕೆಯಲ್ಲಿ ಇದೂ ಕೇಳಿಬಂದಿದೆ).

ಮಾಳದಲ್ಲೋ ಉಡುಪಿಯಲ್ಲೋ ಒಂದು ಫಲಕ ಹಾಕುವ ಮಾತು ಆಗಾಗ ಬರುತ್ತದೆ. ಹಾಕುವುದಾದರೆ ಎರಡು ಬೇಕು. ಮಾಳದ ಫಲಕ ಘಾಟಿ ರಸ್ತೆಯ ಬದಿಯಲ್ಲಿ, ಬಸ್ಸು ನಿಲ್ಲುವಲ್ಲಿ ಇರಲಿ. ಗಂಗಾಮೂಲ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಕಲ್ಲು ನೆಡುವ ಉತ್ಸಾಹ ಬೇಡ, ಅರಣ್ಯ ಇಲಾಖೆ ಒಪ್ಪುವುದೂ ಇಲ್ಲ. ಗ್ರಾನೈಟಿನ ಮೇಲೆ ಕೊರೆದ ಅಕ್ಷರವೇ ಆಗಲಿ, ನಮ್ಮ ಮಳೆಗೆ ಫ್ಲೆಕ್ಸ್ ಎರಡು ವರ್ಷ ಬಾಳುವುದಿಲ್ಲ. ಕನ್ನಡದಲ್ಲಿ ಹತ್ತು ಸಾಲಿಗಿಂತ ಹೆಚ್ಚು ಬರೆಸಿದರೆ ನಿಂತು ಓದುವವರಿಲ್ಲ. ಜನನ ಮರಣದ ಇಸವಿ, ಮಾಳದ ಮನೆತನ, ಗಂಗಾಮೂಲ, 1882ರ ಸಾಕ್ಷ್ಯ, 1889ರ ಶಾರದಾ ಸದನ, ಕೇಡಗಾಂವ್, ಗುಲ್ಬರ್ಗ ಇಷ್ಟು ಬಂದರೆ ಸಾಕು. ತಾಯಿ ಲಕ್ಷ್ಮೀಬಾಯಿಯ ಹೆಸರು ತಂದೆಯ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಲಿ, ಪಾಠ ಹೇಳಿದವಳು ಆಕೆ. ಉಡುಪಿಯ ಫಲಕಕ್ಕೆ ಒಂದೇ ವಿಷಯ: ಹೆಂಗಸಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಅನಂತ ಶಾಸ್ತ್ರಿ ಡೋಂಗ್ರೆ ಈ ಊರಿನ ವಿದ್ವಾಂಸರ ಮುಂದೆ ಉತ್ತರ ಹೇಳಬೇಕಾಯಿತು, ಹೇಳಿ ಒಪ್ಪಿಸಿದರು. ಇಸವಿ ಹಾಕುವ ಆತುರದಲ್ಲಿ ಅಂದಾಜಿನ ಒಂದು ಅಂಕಿ ಕೊರೆಸಬೇಡಿ, ಕಲ್ಲಿನ ಮೇಲಿನ ತಪ್ಪನ್ನು ತಿದ್ದಲು ಇನ್ನೊಂದು ಕಲ್ಲೇ ಬೇಕಾಗುತ್ತದೆ. ಬರಹ ಕೊರೆಯುವ ಮೊದಲು ಕರಡನ್ನು ಮಾಳದ ಹಿರಿಯರಿಗೂ ಇತಿಹಾಸದ ಅಧ್ಯಾಪಕರಿಗೂ ತೋರಿಸಿ ಸಹಿ ಹಾಕಿಸಿಕೊಳ್ಳಿ.

— ಉಡುಪಿ, ಕಾರ್ಕಳದ ಕೆಲವು ಅಧ್ಯಾಪಕರು